ಬರೆಯಲು ಬಿಡದ ಪೆನ್‌ಡ್ರೈವ್ ಮತ್ತು ನಮ್ಮ ಸ್ಟೋರ್ಸ್ ಅಂಕಲ್

ನಮ್ಮ ಸ್ಟೋರ್ಸ್ ಅಂಕಲ್ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಗಮ್ಮಿನ ಪೊರೆ ಅಂಟಿಕೊಂಡಿರುತ್ತಿತ್ತು. ಎರಡು ಟ್ಯೂಬುಗಳಿಂದ ಹಿಂಡಿ ಕಡ್ಡಿಯಲ್ಲಿ ಕಲಸುವ, ಒಮ್ಮೆ ಒಣಗಿದರೆ ಕಲ್ಲಾಗಿಬಿಡುವ ಗಮ್ಮು ಅದು. ನಾವು ಅವಸರದಲ್ಲಿ ಸ್ಟೋರಿನ ಕಿಟಕಿಯ ಮುಂದೆ ನಿಂತು ಡ್ರಿಲ್ ಬಿಟ್ ಕೇಳುತ್ತಿದ್ದರೆ ಅವರು ತೋರುಬೆರಳಿನ ಪೊರೆಯನ್ನು ಹೆಬ್ಬೆರಳ ಉಗುರಿನಿಂದ ನಿಧಾನವಾಗಿ ಸುಲಿದು, ಸುಲಿದದ್ದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಆಮೇಲೆ ಕೇಳುತ್ತಿದ್ದರು: "ಅಳೇದೆಲ್ಲಿ?"

ಸವೆದದ್ದನ್ನು ತಂದುಕೊಟ್ಟರೆ ಮಾತ್ರ ಹೊಸದು. ಪೀಣ್ಯದ ಎಷ್ಟೋ ಕಾರ್ಖಾನೆ ಶೆಡ್ಡುಗಳಲ್ಲಿ ಇರುವ ಕ್ರಮವೇ ಇದು, ತಪ್ಪೇನಲ್ಲ. ಆದರೆ ನಮ್ಮ ಅಂಕಲ್ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದರು. ಕೈ ಒರೆಸುವ ಬಟ್ಟೆಗೂ ಹಳೆಯದನ್ನು ಕೇಳುತ್ತಿದ್ದರು. ಒಬ್ಬ ಆಪರೇಟರ್ ಬೆರಳು ಕೊಯ್ದುಕೊಂಡು ರಕ್ತ ಸುರಿಸುತ್ತ ಪ್ಲಾಸ್ಟರಿಗೆ ಓಡಿದಾಗ ನಾವೆಲ್ಲ ಕೆಲಸ ನಿಲ್ಲಿಸಿ, ಇವರು ಹಳೆಯ ಪ್ಲಾಸ್ಟರ್ ಕೇಳುತ್ತಾರೋ ಏನೋ ಎಂದು ನೋಡಿದ್ದೆವು. ಪುಣ್ಯಕ್ಕೆ ಕೇಳಲಿಲ್ಲ. ಗಾಯ ತೊಳೆದು, ಕಟ್ಟಿ, "ಕಣ್ಣೆಲ್ಲಿ ಇಟ್ಕೊಂಡಿದ್ದೆ?" ಎಂದು ಬೈದು ಕಳಿಸಿದರು.

ಅವರ ವಶಕ್ಕೆ ಬಂದ ವಸ್ತು ಇಟ್ಟ ಜಾಗ ಬಿಟ್ಟು ಅಲುಗಬಾರದು. ಅಲುಗುವುದಕ್ಕೆಲ್ಲ ಗಮ್ಮು. ಸ್ಟೋರಿನ ಫ್ಯಾನಿನ ರೆಗ್ಯುಲೇಟರನ್ನು ಮೂರಕ್ಕೆ ನಿಲ್ಲಿಸಿ ಗಮ್ ಹಾಕಿದ್ದರು. ಮೇ ತಿಂಗಳಲ್ಲೂ ಮೂರು, ಡಿಸೆಂಬರಿನಲ್ಲೂ ಮೂರು. ಕೇಳಿದರೆ, "ಎಲ್ಲಕ್ಕೂ ಒಂದು ಪದ್ದತಿ ಐತೆ ಕಣಮ್ಮ" ಎನ್ನುತ್ತಿದ್ದರು. ಆ ಪದ್ಧತಿ ಯಾವುದೆಂದು ಅವರೊಬ್ಬರಿಗೇ ಗೊತ್ತಿತ್ತು.

ಅವರು ದಾಸರಹಳ್ಳಿಯ ಹಳೇ ಊರಿನವರು. ಸ್ವಂತ ಮನೆ, ಅದರ ಮೇಲೆ ಬಾಡಿಗೆಯ ಮನೆಗಳು. ಸಂಬಳ ಬಂದರೇ ಒಲೆ ಉರಿಯುವ ಸ್ಥಿತಿಯೇನೂ ಇರಲಿಲ್ಲ. ವಯಸ್ಸಾಗಿ ರಿಟೈರ್ ಆದಮೇಲೂ ಓನರ್ ಅವರನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸಿಕೊಂಡು ಬಂದಿದ್ದರು. ಮನೆಯಲ್ಲಿ ಅವರ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು, ಮಗ ಬೆಳಗಾದರೆ ಹೊರಗೆ, ಸೊಸೆಗೆ ಇವರ ಕಟ್ಟುಕಟ್ಟಳೆ ಕಂಡರೆ ತಲೆನೋವು. ಅವರು ಹೇಳಿದಂತೆ ನಡೆಯುತ್ತಿದ್ದ ಜಾಗವೆಂದರೆ ಆ ಸ್ಟೋರು, ಅದರ ಕಬ್ಬಿಣದ ಜಾಲರಿಯ ಕಿಟಕಿ. ಹಾಗಾಗಿ ಗೇಟು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದರು.

ನಾನು ಡಿಪ್ಲೊಮಾ ಮುಗಿಸಿ ಆ ಶೆಡ್ಡಿಗೆ ಸೇರಿದ್ದು ಬಿಲ್ ಟೈಪ್ ಮಾಡಲು. ಕಾಡಿ ಬೇಡಿ ಮಷಿನ್ನಿಗೆ ಪ್ರೋಗ್ರಾಂ ಬರೆಯುವ ಕೆಲಸ ಕಲಿತೆ, ಆಮೇಲೆ ಅದೇ ನನ್ನ ಕೆಲಸವಾಯಿತು. ಕೆಳಗಡೆ ಮಷಿನ್‌ಗಳ ನಡುವೆ ಓಡಾಡುವ ಹೆಂಗಸು ನಾನೊಬ್ಬಳೇ. ಅಲ್ಲಿದ್ದ ಒಂದೇ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಅಲ್ಲಿಯವರೆಗೆ ಅದು ಯಾರಿಗೂ ಬೇಕಾಗಿರಲಿಲ್ಲ. ನಾನು ಕೆಳಗೆ ಕೆಲಸ ಶುರುಮಾಡಿದ ವಾರವೇ ಬಾಗಿಲಿಗೆ ಚಿಲಕ ಬಂತು. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಿಲಕದ ಸುತ್ತ ಗಮ್ಮಿತ್ತು.

ಇನ್ನು ಪೆನ್‌ಡ್ರೈವಿನ ವಿಷಯ. ಲೋಹದ ಬಿಡಿಭಾಗಗಳನ್ನು ಕೊರೆಯುವ ನಮ್ಮ ಮಷಿನ್ ಹಳೆಯದು. ಯಾವ ಕಟರ್ ಎಲ್ಲಿ ಇಳಿಯಬೇಕು, ಎಷ್ಟು ಆಳ ಹೋಗಬೇಕು ಎಂಬುದನ್ನೆಲ್ಲ ನಾನು ಮಹಡಿಯ ರೂಮಿನ ಕಂಪ್ಯೂಟರಿನಲ್ಲಿ ಬರೆದು, ಪೆನ್‌ಡ್ರೈವಿಗೆ ಹಾಕಿ, ಕೆಳಗೆ ತಂದು ಮಷಿನ್ನಿಗೆ ಚುಚ್ಚಬೇಕು. ಆ ಮಷಿನ್ನಿಗೆ ಹಳೇ ಕಾಲದ ಸಣ್ಣ ಪೆನ್‌ಡ್ರೈವೇ ಆಗಬೇಕು. ಹೊಸದಾಗಿ ತಂದವುಗಳನ್ನು ಏನು ಮಾಡಿ ಕೊಟ್ಟರೂ ಅದು ಮೂಸಿಯೂ ನೋಡಲಿಲ್ಲ. ಹೀಗಾಗಿ ಇಡೀ ಶೆಡ್ಡಿಗೆ ಒಂದೇ ಪೆನ್‌ಡ್ರೈವ್, ಅದು ಅಂಕಲ್ ವಶದಲ್ಲಿ. ಅದಕ್ಕೆ ಮೈತುಂಬ ಇನ್ಸುಲೇಷನ್ ಟೇಪ್ ಸುತ್ತಿ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲಿ ಎಂದು ದಾರದಲ್ಲಿ ಅಂಗೈಯಗಲದ ಮರದ ತುಂಡೊಂದಕ್ಕೆ ಕಟ್ಟಿದ್ದರು. ಕಂಪ್ಯೂಟರಿಗೆ ಚುಚ್ಚಿದಾಗ ಆ ತುಂಡು ಮೇಜಿನಿಂದ ಕೆಳಗೆ ನೇತಾಡುತ್ತಿತ್ತು. ಬಂದವರೆಲ್ಲ ಅದೇನೆಂದು ಕೇಳುವರು, ನಾನು ನಾಚಿಕೆಯಿಂದ ಸಾಯುವೆ.

ಆ ವರ್ಷ ಆಯುಧಪೂಜೆಗೆ ಕೆಲವು ದಿನ ಮೊದಲು ಎರಡನೇ ಪಾಳಿಯಲ್ಲಿ ಮಷಿನ್ನಿನ ಕಟರ್ ಹೇಳಿದ್ದಕ್ಕಿಂತ ಆಳಕ್ಕೆ ನುಗ್ಗಿ, ತಾನೂ ಮುರಿದು, ಕೆಳಗೆ ಪೀಸನ್ನು ಕಚ್ಚಿ ಹಿಡಿಯುವ ವೈಸನ್ನೂ ಕೊರೆದುಹಾಕಿತು. ಆ ಪಾಳಿ ನೋಡಿಕೊಳ್ಳುತ್ತಿದ್ದವನು ಓನರ್ ಅಕ್ಕನ ಮಗ. ಪ್ರೋಗ್ರಾಮಿನಲ್ಲೇ ಆಳ ತಪ್ಪಾಗಿದೆ ಎಂದು ಅವನು ತೋರಿಸಿದ. ನಿಜಕ್ಕೂ ಪೆನ್‌ಡ್ರೈವಿನಲ್ಲಿ ತಪ್ಪಾಗಿತ್ತು. ನಾನು ಬರೆದದ್ದು ಹಾಗಿರಲಿಲ್ಲ. ಕಂಪ್ಯೂಟರಿನಲ್ಲಿದ್ದ ಸರಿಯಾದ ಪ್ರತಿ ತೋರಿಸಿದರೆ, ಅದು ಆಮೇಲೆ ತಿದ್ದಿಟ್ಟದ್ದು ಎಂದ, ಬೇರೆ ಸಾಕ್ಷಿ ನನ್ನ ಬಳಿ ಇರಲಿಲ್ಲ. ಓನರ್ ಕೂಗಾಡುವ ಮನುಷ್ಯರಲ್ಲ. ಮೆಲ್ಲಗೇ ಹೇಳಿದರು: "ನೋಡಮ್ಮ, ಇನ್ನೊಂದ್ ಸಲ ಹಿಂಗಾದ್ರೆ ಕಂಪ್ಯೂಟರ್ ಅವನು ನೋಡ್ಕೊಳ್ತಾನೆ. ನೀನು ವಾಪಸ್ ಬಿಲ್ಲಿಂಗ್‌ಗೆ ಹೋಗ್ಬಿಡು."

ಕೂಗಾಡಿದ್ದರೇ ಚೆನ್ನಾಗಿತ್ತು. ನಾನು ಸರಿಯಾದ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಮತ್ತೆ ಹಾಕಿ, ಅಂಕಲ್ ಕೈಗೆ ಕೊಟ್ಟು, ಮೆಟ್ಟಿಲ ಹಿಂದೆ ಹೋಗಿ ಅತ್ತೆ. ಅಂಕಲ್ ನೋಡಿದರು. ಒಂದು ಮಾತೂ ಆಡಲಿಲ್ಲ.

ಆಯುಧಪೂಜೆಯ ದಿನ ಅವರ ಸಡಗರ ನೋಡಬೇಕಿತ್ತು. ಮಷಿನ್‌ಗಳಿಗೆ ಬಾಳೆಕಂದು, ಸ್ಪ್ಯಾನರುಗಳಿಗೆ ಅರಿಶಿನ ಕುಂಕುಮ, ತಕ್ಕಡಿಗೆ ಹಾರ. ಪೆನ್‌ಡ್ರೈವಿಗೂ ಹಳೆಯ ಕಪ್ಪು ಟೇಪ್ ತೆಗೆದು ಹೊಸ ಕೆಂಪು ಟೇಪ್ ಸುತ್ತಿ, ಕುಂಕುಮದ ಬೊಟ್ಟಿಟ್ಟು, ದೇವರ ಪಟದ ಮುಂದೆ ಮರದ ತುಂಡಿನ ಸಮೇತ ಮಲಗಿಸಿದ್ದರು. ಹಬ್ಬಕ್ಕೆ ಹೊಸ ಬಟ್ಟೆ ಎಂದು ನಾವೆಲ್ಲ ನಕ್ಕೆವು.

ಹಬ್ಬದ ರಜೆ ಮುಗಿದು ಕೆಲಸ ಶುರುವಾದ ಬೆಳಗ್ಗೆ ನಾನು ಪೆನ್‌ಡ್ರೈವ್ ಇಸಿದುಕೊಂಡು ನೇರ ಮಹಡಿಗೆ ಓಡಿದೆ. ಗಿರಾಕಿ ಕಂಪನಿಯವರು ಡ್ರಾಯಿಂಗ್ ಬದಲಿಸಿದ್ದರು, ಹೊಸ ಅಳತೆಯ ಮೊದಲ ಪೀಸ್ ನೋಡಲು ಅವರ ಇನ್‌ಸ್ಪೆಕ್ಟರ್ ಮಧ್ಯಾಹ್ನ ಊಟವಾದ ಮೇಲೆ ಬರುವವರಿದ್ದರು. ಪೀಸ್ ಸರಿ ಬಂದರೆ ನಾನು ಉಳಿದೆ. ಪ್ರೋಗ್ರಾಂ ತಿದ್ದಿ ಸಿದ್ಧವಾಗಿಟ್ಟಿದ್ದೆ. ಪೆನ್‌ಡ್ರೈವ್ ಚುಚ್ಚಿ ಕಾಪಿ ಕೊಟ್ಟೆ. ಡಿಸ್ಕ್ ರೈಟ್ ಪ್ರೊಟೆಕ್ಟೆಡ್ ಎಂದು ಬಂತು. ತೆಗೆದು ಮತ್ತೆ ಚುಚ್ಚಿದೆ. ಅದೇ ಮಾತು.

ಬೇರೆ ಕಿಂಡಿಗೆ ಚುಚ್ಚಿದೆ. ಅಕೌಂಟ್ಸಿನವರ ಕಂಪ್ಯೂಟರಿಗೆ ಚುಚ್ಚಿದೆ. ವೈರಸ್ ಇರಬಹುದೆಂದು ಪೂರ್ತಿ ಜಾಲಾಡಿಸಿದೆ, ಅದಕ್ಕೇ ಅರ್ಧ ಗಂಟೆ ಹೋಯಿತು, ವೈರಸ್ ಇಲ್ಲವಂತೆ. ಮೊಬೈಲಿನಲ್ಲಿ ಹುಡುಕಿದರೆ ಲೋಕದಲ್ಲಿ ಎಲ್ಲರಿಗೂ ಇದೇ ಗೋಳು, ಒಬ್ಬೊಬ್ಬರದು ಒಂದೊಂದು ಔಷಧಿ. ಕಪ್ಪು ಪರದೆ ತೆರೆದು ಬೀಗ ತೆಗೆಯುವ ಆಜ್ಞೆ ಟೈಪ್ ಮಾಡಿದೆ. ಬೀಗ ತೆಗೆದಿದ್ದೇನೆ ಎಂದು ಕಂಪ್ಯೂಟರ್ ಧಾರಾಳವಾಗಿ ಹೇಳಿತು. ಖುಷಿಯಿಂದ ಕಾಪಿ ಕೊಟ್ಟರೆ ಮತ್ತೆ ಅದೇ ರಾಗ. ನನಗೆ ಆ ಕಂಪ್ಯೂಟರಿನ ಕತ್ತು ಹಿಸುಕಬೇಕು ಅನ್ನಿಸಿತು.

ಇಷ್ಟೂ ಹೊತ್ತು ಅಂಕಲ್ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಅವತ್ತು ಪೆನ್‌ಡ್ರೈವ್ ಹೋದ ಕಡೆಯೆಲ್ಲ ಅವರೂ ಬರುತ್ತಿದ್ದರು. ಬಂದವರು ಸುಮ್ಮನಿರುತ್ತಾರೆಯೇ?

"ಏರ್ ಒಡೀಲಾ? ದೂಳು ಕೂತೈತೇನೋ."

"ಬೇಡ ಅಂಕಲ್."

"ಬಿಸಿ ಆಗೈತೆ ನೋಡು. ಸ್ವಲ್ಪ ತಣ್ಣಗಾಗ್ಲಿ ಬಿಡು, ಮಿಷಿನ್ನೂ ಅಂಗೇ."

"ಅಂಕಲ್, ದಯವಿಟ್ಟು ಸುಮ್ನಿರಿ."

ಅವರು ಸುಮ್ಮನಿದ್ದರು, ಆದರೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಪರಪರ ಸದ್ದು ಕೇಳಿಸಿತು. ಬೆರಳಿನ ಗಮ್ ಸುಲಿಯುತ್ತಿದ್ದರು. ಆಮೇಲೆ ಕೇಳಿದರು: "ಅದೇನಮ್ಮ ಅನ್ನೋದು? ಕನ್ನಡದಾಗೆ ಏಳು."

"ಇದರೊಳಗೆ ಏನೂ ಬರೆಯೋಕೆ ಬಿಡಲ್ಲ ಅಂತಿದೆ. ಇರೋದನ್ನ ಅಳಿಸೋಕೂ ಬಿಡಲ್ಲ."

ಅಂಕಲ್ ಮುಖದಲ್ಲಿ ಸಮಾಧಾನ ಕಾಣಿಸಿತು. "ಅದು ಬ್ಯಾರೆಯವ್ರಿಗೆ ಕಣಮ್ಮ" ಎಂದರು.

ನಾನು ಕುರ್ಚಿ ತಿರುಗಿಸಿದೆ. "ಯಾವ ಬೇರೆಯವ್ರಿಗೆ?"

"ನಿಂಗಲ್ಲ. ನೀನು ಬರ್ದವಳಲ್ವಾ? ನಿಂಗೆ ಬಿಡ್ಬೇಕು ತಾನೆ."

ಅವರ ಬಾಯಿಂದ ಪೂರ್ತಿ ಕಥೆ ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಹಬ್ಬಕ್ಕೆ ಮೊದಲು ಅವರು ಪೆನ್‌ಡ್ರೈವನ್ನು ದಾಸರಹಳ್ಳಿಯ ಮೊಬೈಲ್ ಅಂಗಡಿಗೆ ಒಯ್ದು, ಇದರಲ್ಲಿರುವುದನ್ನು ಯಾರೂ ತಿದ್ದದ ಹಾಗೆ ಮಾಡಿಕೊಡು ಎಂದಿದ್ದಾರೆ. ಅಂಗಡಿಯವನು ಟೇಪ್ ಬಿಚ್ಚಿ, ಪಕ್ಕದಲ್ಲಿದ್ದ ಅಕ್ಕಿಕಾಳಿನಷ್ಟು ಸಣ್ಣ ಗುಂಡಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿ ಕೊಟ್ಟಿದ್ದಾನೆ. ಟೇಪಿನ ಕೆಳಗೆ ಅಂಥ ಒಂದು ಗುಂಡಿ ಇದೆ ಎಂದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಸರಿಸಿದ್ದನ್ನು ಇನ್ನೊಬ್ಬ ಮತ್ತೆ ಸರಿಸಿದರೆ? ಅದಕ್ಕೇ ಗಮ್ಮು. ಅದರ ಮೇಲೆ ಕೆಂಪು ಟೇಪು. ಬರೆದವಳು ಬಂದರೆ ಪೆನ್‌ಡ್ರೈವ್ ತಾನಾಗಿ ಗುರುತು ಹಿಡಿದು ದಾರಿ ಬಿಡುತ್ತದೆ ಎಂದೇ ಅವರು ನಂಬಿದ್ದರು. ಶೆಡ್ಡಿನ ವಾಚ್‌ಮನ್ ಗೇಟಿನಲ್ಲಿ ಮುಖ ನೋಡಿ ಬಿಡುವ ಹಾಗೆ.

ಟೇಪ್ ಬಿಚ್ಚಿ ನೋಡಿದೆ. ಗುಂಡಿಯ ಮೇಲೆ ಗಮ್ಮು ಗಾಜಿನ ಹಾಗೆ ಹರಡಿ ನಿಂತಿತ್ತು. ಬ್ಲೇಡಿನಿಂದ ಕೆರೆದೆ. ಸ್ವಲ್ಪ ಸ್ವಲ್ಪವೇ ಎದ್ದು ಬಂತು, ಇನ್ನೇನು ಎನ್ನುವಾಗ ಗುಂಡಿಯೇ ಮುರಿದು ಗಮ್ಮಿನ ಜೊತೆ ಎದ್ದು ಬಂತು. ನನ್ನ ಪಿತ್ತ ನೆತ್ತಿಗೇರಿತು.

"ಯಾರು ಮಾಡು ಅಂದ್ರು ನಿಮಗೆ ಇದನ್ನ? ಒಂದು ಮಾತು ಕೇಳ್ಬಾರ್ದಿತ್ತಾ?"

"ನಿನ್ನ ಬರವಣಿಗೇನ ಇನ್ನೊಬ್ಬ ಮುಟ್ಬಾರ್ದು ಅಂತ..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

ಆಗ ನನಗೆ ಹೊಳೆಯಿತು. "ಯಾರಾದ್ರೂ ಮುಟ್ಟಿದ್ರಾ ಅಂಕಲ್?"

ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. ವೈಸ್ ಕೊರೆದುಹೋದ ದಿನ ಓನರ್ ಅಕ್ಕನ ಮಗ ಸ್ಟೋರಿನಿಂದ ಪೆನ್‌ಡ್ರೈವ್ ಇಸಿದುಕೊಂಡು ಮಹಡಿಗೆ ಹೋಗಿದ್ದನಂತೆ. ಇಳಿದು ಬಂದು, ಕೆಲಸ ಬೇಗ ಮುಗಿಯಲಿ ಅಂತ ಕಟರ್ ಒಂದೇ ಸಲಕ್ಕೆ ಇಳಿಯೋ ಆಳ ಜಾಸ್ತಿ ಮಾಡಿದೀನಿ ಎಂದು ಇವರ ಮುಂದೆಯೇ ಜಂಬ ಕೊಚ್ಚಿಕೊಂಡಿದ್ದನಂತೆ.

ಇದನ್ನು ಕೇಳಿ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಕೋಪ. ಈ ಮನುಷ್ಯನಿಗೆ ಅಂದಿನಿಂದ ಎಲ್ಲ ಗೊತ್ತು. ನಾನು ಅಳುವುದನ್ನು ಕಣ್ಣಾರೆ ನೋಡಿದ್ದಾರೆ. ಒಂದು ಮಾತು ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅದನ್ನು ಬಿಟ್ಟು ಮೊಬೈಲ್ ಅಂಗಡಿಗೆ ನಡೆದು, ಗಮ್ ಕಲಸಿ, ಟೇಪ್ ಸುತ್ತಿ, ಕುಂಕುಮ ಇಟ್ಟು, ನನ್ನನ್ನು ಕಾಪಾಡುತ್ತೇನೆಂದು ಹೋಗಿ ನನ್ನ ಕೈಯನ್ನೇ ಕಟ್ಟಿಹಾಕಿದ್ದಾರೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಬೈಯುತ್ತ ಕೂರಲು ಹೊತ್ತಿರಲಿಲ್ಲ. ಆ ಪೆನ್‌ಡ್ರೈವ್ ಹೊಸದನ್ನು ಬರೆಯಲು ಬಿಡದಿದ್ದರೂ ಇರುವುದನ್ನು ಓದಲು ಬಿಡುತ್ತಿತ್ತು. ಹಳೆಯ ಪ್ರೋಗ್ರಾಮನ್ನೇ ಮಷಿನ್ನಿಗೆ ಇಳಿಸಿಕೊಂಡು, ಬದಲಾದ ಸಾಲುಗಳನ್ನು ಮಷಿನ್ನಿನ ಗುಂಡಿಗಳನ್ನೇ ಒತ್ತಿ ತಿದ್ದುವುದೆಂದು ನಿರ್ಧರಿಸಿದೆ. ಆ ಗುಂಡಿಗಳು ಎಣ್ಣೆ ಕುಡಿದು ಗಟ್ಟಿಯಾಗಿದ್ದವು. ಹೊಸ ಸಾಲುಗಳನ್ನು ಪ್ರಿಂಟ್ ತೆಗೆದು ತಂದೆ, ಯಾರಾದರೂ ಓದಬೇಕಿತ್ತು. ಆಪರೇಟರ್ ವೈಸ್ ಕೂರಿಸುತ್ತಿದ್ದ. ಅಂಕಲ್ ಆಗಲೇ ಕನ್ನಡಕ ಒರೆಸಿಕೊಂಡು ನಿಂತಿದ್ದರು.

ಅಂಥ ಓದನ್ನು ನಾನು ಬದುಕಿನಲ್ಲಿ ಕೇಳಿಲ್ಲ. "ಎಕ್ಸು. ಎಕ್ಸ್ ಆದ್ಮೇಲೆ ಒಂದು ಗೀಟು."

"ಮೈನಸ್ ಅಂಕಲ್."

"ಮೈನಸ್ಸು. ನಲವತ್ತು. ಚುಕ್ಕಿ. ಎಂಟು... ಅಲ್ಲ, ಇರು, ಮೂರು." ಬೆರಳಿಟ್ಟ ಸಾಲಿನ ಮೇಲೇ ಬೆರಳಿನ ನೆರಳು ಬೀಳುತ್ತಿತ್ತು. ಒಂದು ಸಾಲನ್ನು ಎರಡು ಸಲ ಓದಿದರು. ಒಂದನ್ನು ಹಾರಿಸಿಯೇಬಿಟ್ಟರು, ನಾನು ಬಗ್ಗಿ ನೋಡಿ ಹಿಡಿದೆ. ನಡುವೆ ಯಾರೋ ಬಂದು ಡ್ರಿಲ್ ಬಿಟ್ ಕೇಳಿದರೆ ಕಾಗದದಿಂದ ತಲೆಯೆತ್ತದೆ "ಅಳೇದೆಲ್ಲಿ?" ಎಂದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಯ ಸಾಲು ಮುಗಿದಾಗ ಇಬ್ಬರ ಅಂಗಿಯೂ ಬೆವರಿಗೆ ಒದ್ದೆಯಾಗಿತ್ತು.

ಪೀಸ್ ಸರಿ ಬಂತು. ಇನ್‌ಸ್ಪೆಕ್ಟರ್ ಅಳೆದು, ಸಹಿ ಹಾಕಿ ಹೋದರು.

ಅವರು ಹೋದ ಮೇಲೆ ಓನರ್ ನಮ್ಮನ್ನೆಲ್ಲ ರೂಮಿಗೆ ಕರೆದರು. ಮೇಜಿನ ಮೇಲೆ ಗುಂಡಿ ಮುರಿದ ಪೆನ್‌ಡ್ರೈವ್ ಇತ್ತು. ಅಕ್ಕನ ಮಗ ಎರಡನೇ ಪಾಳಿಗೆ ಬಂದು ಗೋಡೆಗೆ ಒರಗಿ ನಿಂತಿದ್ದ.

"ಇದ್ದಿದ್ದು ಒಂದು. ಯಾರು ಹಾಳು ಮಾಡಿದ್ದು?" ಎಂದು ಓನರ್ ಕೇಳಿದರು.

"ಇನ್ಯಾರು ಮಾವ, ಯಾವಾಗ್ಲೂ ಇವಳ ಕೈಯಲ್ಲೇ ತಾನೆ ಇರೋದು" ಎಂದ ಅವನು.

ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಹೇಳಿದರು. "ನಾನು ಸಾರ್. ಗಮ್ ಆಕಿದ್ದು ನಾನು."

ಓನರ್ ನಕ್ಕುಬಿಟ್ಟರು. ಅವರಿಗೂ ಈ ಗಮ್ಮಿನ ಕಾಟ ಗೊತ್ತಿದ್ದದ್ದೇ. "ಏನಪ್ಪಾ ನೀವು, ಇದನ್ನೂ ಬಿಡ್ಲಿಲ್ವಾ" ಎಂದು ಕೈಬೀಸಿದರು. ಅಲ್ಲಿಗೆ ಎಲ್ಲ ಮುಗಿಯಿತು. ಎಲ್ಲರೂ ಹೊರಡಬಹುದಿತ್ತು, ನಾನು ಬಾಗಿಲ ಕಡೆ ತಿರುಗಿಯೂ ಇದ್ದೆ.

ಅಂಕಲ್ ಅಲುಗಲಿಲ್ಲ. "ಯಾಕೆ ಆಕ್ದೆ ಅಂತ ಕೇಳಿ ಸಾರ್."

ಓನರ್ ತಲೆಯೆತ್ತಿದರು. ಅಂಕಲ್ ಎಲ್ಲ ಹೇಳಿದರು. ಯಾವ ದಿನ, ಯಾರು ಇಸಿದುಕೊಂಡರು, ಇಳಿದು ಬಂದು ಏನೆಂದರು. ಹೇಳುವಾಗ ದನಿ ನಡುಗುತ್ತಿತ್ತು, ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು. "ಈ ಉಡುಗಿ ಬರ್ದಿದ್ರಾಗೆ ತಪ್ಪಿರ್ಲಿಲ್ಲ ಸಾರ್" ಎಂದು ಮುಗಿಸಿದರು.

"ಸುಳ್ಳು" ಎಂದ ಅಕ್ಕನ ಮಗ. ಆದರೆ ಓನರ್ ಅವನ ಮುಖವನ್ನೇ ನೋಡುತ್ತಿದ್ದರು, ಅವನು ನೆಲ ನೋಡುತ್ತಿದ್ದ.

ಮರುದಿನದಿಂದ ಮಹಡಿಯ ಕಂಪ್ಯೂಟರಿಗೆ ಪಾಸ್‌ವರ್ಡ್ ಬಂತು, ಅದು ನನಗೊಬ್ಬಳಿಗೇ ಗೊತ್ತು. ಓನರ್ ಎಲ್ಲಿಂದಲೋ ಅಂಥದೇ ಹಳೇ ಕಾಲದ ಪೆನ್‌ಡ್ರೈವ್ ಒಂದನ್ನು ಹುಡುಕಿಸಿ ತರಿಸಿದರು. ಬಿಲ್ಲಿಂಗಿನ ಮಾತು ಮತ್ತೆ ಬರಲಿಲ್ಲ. ಅಕ್ಕನ ಮಗನನ್ನು ಮಷಿನ್ನಿನಿಂದ ತೆಗೆದು ಸಾಮಾನು ಕೊಳ್ಳುವ ಕೆಲಸಕ್ಕೆ ಹಾಕಿದರು. ಅವನ ತಾಯಿ ಎರಡು ಸಲ ಶೆಡ್ಡಿಗೆ ಬಂದು ತಮ್ಮನ ಜೊತೆ ಬಾಗಿಲು ಮುಚ್ಚಿಕೊಂಡು ಮಾತಾಡಿದರು. ಆ ವರ್ಷ ಅಂಕಲ್ ಅವರನ್ನು ಮುಂದುವರಿಸಲಿಲ್ಲ. ವಯಸ್ಸಾಯಿತು, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದು ಓನರ್ ಒಂದು ಶಾಲು ಹೊದಿಸಿದರು. ಅಂಕಲ್ ಶಾಲನ್ನು ಮಡಿಚಿ ಬಗಲಲ್ಲಿಟ್ಟುಕೊಂಡು, ಸ್ಟೋರಿನ ಬೀಗವನ್ನು ಎಳೆದು ನೋಡಿ, ಹೊರಟರು.

ಕೆಲವು ತಿಂಗಳ ಮೇಲೆ ಅವರಿಗೆ ಹುಷಾರಿಲ್ಲವೆಂದು ತಿಳಿದು ದಾಸರಹಳ್ಳಿಗೆ ಹೋದೆ. ನಡುಮನೆಯ ಮಂಚದ ಮೇಲೆ ಮಲಗಿದ್ದರು. ಬೆರಳುಗಳು ಶುಭ್ರವಾಗಿದ್ದವು, ನೋಡಲು ಹಿಂಸೆಯಾಯಿತು. ಧನ್ಯವಾದ ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬಿಟ್ಟರೆ ತಾನೆ. ಸ್ಟೋರಿಗೆ ಯಾರು ಬಂದಿದ್ದಾರೆ, ಸವೆದದ್ದನ್ನು ಇಸಿದುಕೊಂಡೇ ಹೊಸದು ಕೊಡುತ್ತಾರಾ, ಕಪಾಟಿಗೆ ಎಣ್ಣೆ ಬಿಡುತ್ತಾರಾ. ಮಲಗಿದಲ್ಲೇ ನನ್ನನ್ನು ತನಿಖೆ ಮಾಡಿದರು. ಹೊಸಬರು ಕೇಳಿದವರಿಗೆಲ್ಲ ಎತ್ತಿ ಕೊಡುತ್ತಾರೆ ಎಂದೆ. ಆ ಮಾತಿಗೆ ನನಗೇ ಬೈದರು. ರೇಗಿಹೋಯಿತು.

ಕೊನೆಗೆ ಅವರ ಮಾತನ್ನು ಕತ್ತರಿಸಿ ಹೇಳಿದೆ. "ಅಂಕಲ್, ಅವತ್ತು ನೀವು ಹೇಳದೇ ಇದ್ದಿದ್ರೆ ನನ್ನ ಕೆಲಸ..."

"ತಡವಾಗಿ ಏಳ್ದೆ ಕಣಮ್ಮ" ಎಂದರು. "ಮೊದ್ಲೇ ಏಳ್ಬೇಕಿತ್ತು. ಎದ್ರಿಕೆ ಆಯ್ತು. ಓನರ್ ಮನೆಯವ್ನು, ಏಳುದ್ರೆ ನನ್ನ ಕಳುಸ್ಬಿಡ್ತಾರೆ ಅಂತ ಗೊತ್ತಿತ್ತು. ಈ ಮನೇಲಿ ಕೂತು ನಾನೇನ್ ಮಾಡ್ಲಿ? ಅದುಕ್ಕೇ ಗಮ್ ಆಕಿ ನೋಡ್ದೆ."

ಸೊಸೆ ಕಾಫಿ ತಂದಿಟ್ಟರು. ಅಂಕಲ್ ಕಣ್ಣು ಮುಚ್ಚಿಕೊಂಡು, "ಕಾಪಿ ಕುಡ್ದು ಓಗು, ಆರಿಸ್ಬೇಡ" ಎಂದರು.

ಅದಾಗಿ ತಿಂಗಳಿಗೆ ಅವರು ತೀರಿಕೊಂಡರು. ಪೂರ್ತಿ ಬೈಯಲೂ ಬಿಡದೆ, ಪೂರ್ತಿ ಹೊಗಳಲೂ ಬಿಡದೆ ಹೋದರು. ಅವರು ಧೈರ್ಯವಂತರೆಂದು ನಾನು ಹೇಳುವುದಿಲ್ಲ, ಹೇಳಿದರೆ ಅವರೇ ಒಪ್ಪುತ್ತಿರಲಿಲ್ಲ. ಓನರ್ ನಕ್ಕು ಕೈಬೀಸಿದಾಗ ಅವರು ನನ್ನ ಜೊತೆ ಹೊರಗೆ ಬಂದಿದ್ದರೆ ಅವರ ಸ್ಟೋರು ಅವರಿಗೆ ಉಳಿಯುತ್ತಿತ್ತು. ಹೆದರಿಕೆಯಲ್ಲಿ ನಡುಗುತ್ತಲೇ ನಿಂತು ಇನ್ನೊಂದು ಮಾತು ಆಡಿದರು. ನಾನು ಇವತ್ತು ತಿನ್ನುತ್ತಿರುವುದು ಆ ಮಾತಿನ ಅನ್ನ.